ಡಾಕ್ಟ್ರ ಮುಂದೆ ಹೇಳಿದ "ಇಲ್ಲ"



ಧಮ್ಮ ಬಂಧುಗಳೇ, ಇಂದಿನ ಚಿಂತನೆ ಸ್ವಲ್ಪ ಉದ್ದ ಉಂಟು. ಬಸ್ಸಿನಲ್ಲಿ ಓದುವವರು ಅರ್ಧ ಈಗ ಓದಿ, ಉಳಿದದ್ದನ್ನು ಸಂಜೆಗೆ ಇಟ್ಟುಕೊಳ್ಳಿ.

ನಮ್ಮ ಬಳಗದ ಒಬ್ಬ ತಂಗಿ ನನಗೆ ಮಾತ್ರ ಒಂದು ಮೆಸೇಜ್ ಕಳುಹಿಸಿದ್ದಳು. ಹೆಸರು, ಊರು ಬೇಡ, ವಿಷಯ ಬೇಕಾದರೆ ಬರೆಯಿರಿ ಎಂದಿದ್ದಾಳೆ. ಮದುವೆಗೆ ಮೊದಲು ಕೆಲವು ವರ್ಷ ಆಕೆ ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದಳು. ಅಲ್ಲಿ ಸಿಗರೇಟಿನ ಅಭ್ಯಾಸ ಆಯಿತು. ಈಗ ಮೂರನೇ ತಿಂಗಳು. ಮೊದಲ ತಪಾಸಣೆಗೆ ಹೋದಾಗ ಡಾಕ್ಟ್ರು ಕಾಗದದಿಂದ ತಲೆ ಎತ್ತದೆ ಕೇಳಿದರಂತೆ, "ಸಿಗರೇಟು, ಡ್ರಿಂಕ್ಸ್ ಅಂಥದ್ದೆಲ್ಲ ಏನೂ ಇಲ್ಲ ಅಲ್ವ?" ಪಕ್ಕದ ಕುರ್ಚಿಯಲ್ಲಿ ಅತ್ತೆ, ಬಾಗಿಲ ಹತ್ತಿರ ಗಂಡ. ಇವಳು "ಇಲ್ಲ" ಎಂದಳು. ಬಸುರಿ ಎಂದು ಗೊತ್ತಾದ ಮೇಲೆ ಕಡಿಮೆ ಮಾಡಿದ್ದಾಳೆ, ಪೂರ್ತಿ ಬಿಟ್ಟಿಲ್ಲ. ಅವಳ ಪ್ರಶ್ನೆ ಇಷ್ಟೇ: "ಅಕ್ಕ, ಪ್ರತಿ ಭಾನುವಾರ ಪಂಚಶೀಲ ಹೇಳ್ತೇನೆ. ನಾಲ್ಕನೆಯದು ಬರುವಾಗ ಗಂಟಲು ಕಟ್ಟುತ್ತದೆ. ನಾನು ಹೇಳಿದ್ದು ಮುಸಾವಾದವಾ?"

ಕಳೆದ ಭಾನುವಾರ ಮೂಡುಬಿದಿರೆಯಲ್ಲಿ ಸೇರಿದ್ದಾಗ, ಯಾರದ್ದು ಎಂದು ಹೇಳದೆ, ಈ ಪ್ರಶ್ನೆಯನ್ನು ಮುಂದಿಟ್ಟೆ. ಇಬ್ಬರು ಕೂಡಲೇ ಮಾತಾಡಿದರು. ನಮ್ಮ ಹಿರಿಯ ಮೇಷ್ಟ್ರು, "ಸುಳ್ಳು ಸುಳ್ಳೇ, ಅದರಲ್ಲಿ ಚರ್ಚೆ ಎಂತದ್ದು?" ಎಂದರು. ಬಂಟ್ವಾಳ ಕಡೆಯ ಒಬ್ಬ ತಮ್ಮ, "ಸಂಸಾರ ಉಳಿಸ್ಲಿಕ್ಕೆ ಹೇಳಿದ್ದು ಸುಳ್ಳಾಗುದಿಲ್ಲ" ಎಂದು ಹೇಳಿ, ಯಕ್ಷಗಾನದಲ್ಲಿ ಧರ್ಮರಾಯ ಅಶ್ವತ್ಥಾಮನ ವಿಷಯದಲ್ಲಿ ಆಡುವ ಅರ್ಧಸತ್ಯವನ್ನು ಎಳೆದು ತಂದ. ಆ ಮನೆ ಬಿಟ್ಟು ಬಂದ ಮೇಲೂ ಅಲ್ಲಿಯ ಪಾತ್ರೆ ಬಿಡುವುದಿಲ್ಲ ನೀನು ಎಂದು ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ಅಲ್ಲೇ ಕೂತಿತ್ತು.

ನನ್ನ ಅಭಿಪ್ರಾಯ ಬರೆಯುತ್ತೇನೆ. ನಾನು ಪಂಡಿತಳಲ್ಲ. ಬೆಳ್ತಂಗಡಿ ತಾಲೂಕಿನಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ತಾಯಿ ಕಾರ್ಡು ತುಂಬಿಸುತ್ತಾ ಮನೆ ಮನೆ ನಡೆದವಳು. ಆ ಕೆಲಸದಲ್ಲಿ ಕಂಡದ್ದು ಮತ್ತು ಧಮ್ಮದಲ್ಲಿ ಓದಿದ್ದು, ಎರಡನ್ನೂ ಸೇರಿಸಿ ಹೇಳುವುದು ಅಷ್ಟೇ ನನಗೆ ಗೊತ್ತಿರುವುದು.

ಮೊದಲು ತಂಗಿಯ ಪ್ರಶ್ನೆಗೆ ನೇರ ಉತ್ತರ. ಮುಸಾವಾದಕ್ಕೆ ನಾಲ್ಕು ಅಂಗಗಳು ಎಂದು ಅಟ್ಠಕಥೆಗಳು ಹೇಳುತ್ತವೆ. ವಿಷಯ ಸುಳ್ಳಾಗಿರಬೇಕು. ದಾರಿ ತಪ್ಪಿಸುವ ಮನಸ್ಸು ಇರಬೇಕು. ಅದಕ್ಕಾಗಿ ಮಾತೋ ಸನ್ನೆಯೋ ನಡೆಯಬೇಕು. ಕೇಳಿದವನಿಗೆ ಅದು ಅರ್ಥವಾಗಬೇಕು. ಅವಳ "ಇಲ್ಲ" ಎಂಬ ಒಂದು ಶಬ್ದದಲ್ಲಿ ನಾಲ್ಕೂ ಉಂಟು. ಹಾಗಾಗಿ ಹೌದು ತಂಗೀ, ಅದು ಮುಸಾವಾದ. ಸಮಾಧಾನಕ್ಕೆಂದು ಅಲ್ಲ ಎಂದು ಬರೆದರೆ ನಾನೂ ಅದನ್ನೇ ಮಾಡಿದ ಹಾಗೆ.

ಇದರಿಂದ ಜಾರಿಕೊಳ್ಳಲು ಸುತ್ತಗಳಲ್ಲಿ ದಾರಿ ಇಲ್ಲ. ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತ ನೋಡಿ. ಭಗವಾನರನ್ನು ಮಾತಿನ ಇಕ್ಕಟ್ಟಿನಲ್ಲಿ ಸಿಕ್ಕಿಸಬೇಕೆಂದು ಅಭಯ ರಾಜಕುಮಾರ ಬರುತ್ತಾನೆ. ಯಾರಿಗಾದರೂ ಕಹಿಯಾಗುವ ಮಾತನ್ನು ನೀವು ಆಡುತ್ತೀರಾ ಎಂದು ಕೇಳುತ್ತಾನೆ. ಆಗ ಅವನ ತೊಡೆಯ ಮೇಲೆ ಒಂದು ಎಳೆಗೂಸು ಮಲಗಿರುತ್ತದೆ. ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ ಎಂದು ಭಗವಾನರು ಅವನನ್ನೇ ಕೇಳುತ್ತಾರೆ. ತಲೆಯನ್ನು ಒಂದು ಕೈಯಲ್ಲಿ ಹಿಡಿದು, ಬೆರಳು ಬಗ್ಗಿಸಿ ತೆಗೆಯುತ್ತೇನೆ, ರಕ್ತ ಬಂದರೂ ತೆಗೆಯುತ್ತೇನೆ, ಯಾಕೆಂದರೆ ಮಗುವಿನ ಮೇಲೆ ನನಗೆ ಕನಿಕರ ಉಂಟು ಎನ್ನುತ್ತಾನೆ ರಾಜಕುಮಾರ. ಆಮೇಲೆ ಭಗವಾನರು ಮಾತುಗಳನ್ನು ವಿಂಗಡಿಸಿ ತೋರಿಸುತ್ತಾರೆ. ಸತ್ಯವೂ ಹಿತವೂ ಆದ ಮಾತನ್ನು, ಅದು ಕಹಿಯಾಗಿದ್ದರೂ, ಸಮಯ ನೋಡಿ ಆಡಬೇಕು. ಸತ್ಯವಾಗಿದ್ದೂ ಹಿತವಿಲ್ಲದಿದ್ದರೆ ಸುಮ್ಮನಿರಬೇಕು. ಸುಳ್ಳಿಗೆ ಮಾತ್ರ ಆ ಪಟ್ಟಿಯಲ್ಲಿ ಎಲ್ಲಿಯೂ ಜಾಗವಿಲ್ಲ, ಎಷ್ಟು ಸಿಹಿಯಾಗಿದ್ದರೂ ಇಲ್ಲ.

ನನಗೆ ಈ ಸುತ್ತದಲ್ಲಿ ಯಾವಾಗಲೂ ಹಿಡಿಸುವುದು ಆ ಎಳೆಗೂಸು. ಕಹಿ ಮಾತಿನ ಪ್ರಶ್ನೆ ಬಂದಾಗ ಶಾಸ್ತ್ರ ಹೇಳದೆ, ತೊಡೆಯ ಮೇಲಿದ್ದ ಮಗುವನ್ನೇ ತೋರಿಸಿದರು. ಇಲ್ಲಿಯೂ ಹಾಗೆ. ಡಾಕ್ಟ್ರ ಕೋಣೆಯಲ್ಲಿ ನಡೆದದ್ದು ಸೊಸೆಯ ಮರ್ಯಾದೆಯ ವಿಷಯ ಎಂದು ಎಲ್ಲರಿಗೂ ಕಾಣುತ್ತದೆ. ಕಲ್ಲು ಇರುವುದು ಮಗುವಿನ ಬಾಯಲ್ಲಿ.

ಆ ಕಲ್ಲು ಎಂಥದ್ದು ಎಂದು ಸರಿಯಾಗಿ ತಿಳಿಯಬೇಕು. ಹೆದರಿಸುವವರು ಉಂಟು, ಸರಿಯಾಗಿ ಹೇಳುವವರು ಕಡಿಮೆ. ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ತಾಯಿಯ ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ತಾನು ಕೂರುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ಮಾಸಿನ ಮೂಲಕ ಮಗುವಿಗೆ ಹೋಗುವ ಉಸಿರೂ ಊಟವೂ ಎರಡೂ ಕಡಿಮೆಯಾಗುತ್ತವೆ. ಸೇದುವ ತಾಯಂದಿರ ಮಕ್ಕಳು ಸರಾಸರಿ 200 ಗ್ರಾಂನಷ್ಟು ಕಡಿಮೆ ತೂಗುತ್ತಾರೆ. ಎರಡೂವರೆ ಕಿಲೋಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಎಂದು ನಾವು ಬರೆಯುತ್ತಿದ್ದೆವು. ರಕ್ತ ಕಡಿಮೆಯಿರುವ ನಮ್ಮ ಹೆಣ್ಣುಮಕ್ಕಳಿಗೆ ಆ ಗೆರೆಯ ಹತ್ತಿರದಲ್ಲೇ ಮಗು ಹುಟ್ಟುವುದು, ಅಲ್ಲಿ 200 ಗ್ರಾಂ ಸಣ್ಣದಲ್ಲ. ಅವಧಿಗೆ ಮೊದಲು ಹೆರಿಗೆ, ಮಾಸು ಮೊದಲೇ ಕಳಚುವುದು, ಹೊಟ್ಟೆಯಲ್ಲೇ ಮಗು ಹೋಗುವುದು, ಇವುಗಳ ಅಪಾಯವೂ ಹೆಚ್ಚು.

ಇನ್ನೊಂದು ಭಾಗವೂ ಉಂಟು, ಅದನ್ನು ಯಾರೂ ಹೇಳುವುದಿಲ್ಲ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ಬಸುರಿಯರನ್ನು ನೋಡಿ ಮಾಡಿದ ಒಂದು ಅಧ್ಯಯನ 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. 15 ವಾರ ತುಂಬುವ ಮೊದಲು ಬಿಟ್ಟವರಿಗೂ ಎಂದೂ ಸೇದದವರಿಗೂ, ಅವಧಿಪೂರ್ವ ಹೆರಿಗೆಯಲ್ಲಾಗಲಿ ಮಗು ಸಣ್ಣದಾಗುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮ ತಂಗಿಗೆ ಈಗ ಮೂರನೇ ತಿಂಗಳು. ಲೆಕ್ಕ ಹಾಕಿ. "ಆದದ್ದು ಆಯಿತು, ಇನ್ನು ಹೇಳಿ ಏನು ಪ್ರಯೋಜನ" ಎಂಬ ಯೋಚನೆ ಇಂಥಲ್ಲಿ ಬಂದೇ ಬರುತ್ತದೆ. ಅದು ತಪ್ಪು. ಪ್ರಯೋಜನ ಇರುವುದೇ ಈಗ. 15 ವಾರ ದಾಟಿದವರಿಗೂ ಬಿಟ್ಟ ದಿನದಿಂದ ಪ್ರಯೋಜನ ಉಂಟು. ಕಾರ್ಬನ್ ಮೊನಾಕ್ಸೈಡ್ ಒಂದೆರಡು ದಿನದಲ್ಲಿ ರಕ್ತದಿಂದ ಹೊರಟುಹೋಗುತ್ತದೆ.

ಹಾಗಾದರೆ ಸುಮ್ಮನೆ ಬಿಟ್ಟುಬಿಡಲಿ, ಹೇಳುವ ಅಗತ್ಯ ಏನು ಎಂದು ಮೂಡುಬಿದಿರೆಯಲ್ಲಿ ಒಬ್ಬರು ಕೇಳಿದರು. ಒಂಟಿಯಾಗಿ, ಕದ್ದು ಬಿಡುವುದು ಕಷ್ಟ. ಕದ್ದು ಸೇದುವವರನ್ನು ನಾವು ಕಂಡಿದ್ದೇವೆ, ಕದ್ದು ಬಿಡುವವರಿಗೆ ಅದಕ್ಕಿಂತ ಹೆಚ್ಚು ಕಷ್ಟ. ಸಿಟ್ಟು, ನಿದ್ದೆಗೇಡು, ತಲೆನೋವು ಬಂದಾಗ ಕಾರಣ ಹೇಳುವ ಹಾಗಿಲ್ಲ. ಅಂಗಡಿಯಲ್ಲಿ ಸಿಗುವ ನಿಕೋಟಿನ್ ಚೂಯಿಂಗ್ ಗಮ್ಮನ್ನು ಬಸುರಿ ತಾನಾಗಿ ತೆಗೆದುಕೊಳ್ಳಬಾರದು, ಡಾಕ್ಟ್ರನ್ನು ಕೇಳಬೇಕು. ಮಗು ಸರಿಯಾಗಿ ಬೆಳೆಯುತ್ತದೋ ಎಂದು ಅವರು ಹೆಚ್ಚು ಗಮನ ಕೊಡಬೇಕಾಗುತ್ತದೆ. ಗೊತ್ತಿಲ್ಲದಿದ್ದರೆ ಅವರು ಯಾಕೆ ಗಮನ ಕೊಡುತ್ತಾರೆ? 1800-11-2356 ಎಂಬುದು ತಂಬಾಕು ಬಿಡಲು ನೆರವಾಗುವ ಸರಕಾರಿ ಉಚಿತ ಫೋನ್ ನಂಬರ್. ಅಲ್ಲಿ ಪಕ್ಕದಲ್ಲಿ ಅತ್ತೆ ಇರುವುದಿಲ್ಲ.

ಇನ್ನು ಆ "ಇಲ್ಲ" ಹೇಗೆ ಹುಟ್ಟಿತು ಎಂಬ ವಿಷಯ. ಡಾಕ್ಟ್ರು ಕೇಳಿದ್ದು "ಏನೂ ಇಲ್ಲ ಅಲ್ವ?" ಎಂದು. ಈ ಪ್ರಶ್ನೆಯ ಹೊಟ್ಟೆಯಲ್ಲೇ ಉತ್ತರ ಉಂಟು. ನಾನು ಮನೆಗಳಿಗೆ ಹೋಗುತ್ತಿದ್ದಾಗ ಒಂದು ವಿಷಯ ಗಮನಿಸಿದ್ದೆ. ಕಾರ್ಡು ತೆರೆದು, ಪೆನ್ನು ಹಿಡಿದು, ಕನ್ನಡದಲ್ಲಿ ಕೇಳಿದರೆ ಒಂದು ಉತ್ತರ. ಕಾರ್ಡು ಮಡಚಿ, ಜಗಲಿಯಲ್ಲಿ ಕೂತು, ತುಳುವಿನಲ್ಲಿ ಮಾತಿಗೆ ಮಾತು ಬರುವಾಗ ಬೇರೆ ಉತ್ತರ. ಇದು ನಮ್ಮವರದ್ದು ಮಾತ್ರ ಅಲ್ಲ. ಸ್ಕಾಟ್ಲೆಂಡಿನಲ್ಲಿ ಸುಮಾರು ಮೂರೂವರೆ ಸಾವಿರ ಬಸುರಿಯರ ಮಾತನ್ನೂ ರಕ್ತವನ್ನೂ ಹೋಲಿಸಿ ನೋಡಿದ ಇನ್ನೊಂದು ಅಧ್ಯಯನ, ಅದೂ 2009ರದ್ದೇ. ಸೇದುತ್ತೇವೆ ಎಂದು ಬಾಯಿಯಲ್ಲಿ ಹೇಳಿದವರು ನೂರಕ್ಕೆ 24 ಮಂದಿ. ರಕ್ತ ಹೇಳಿದ ಲೆಕ್ಕ 30. ಸಿಗರೇಟು ಸೇದಿದ ಹೆಣ್ಣನ್ನು ನಮ್ಮಷ್ಟು ಕೆಟ್ಟ ಕಣ್ಣಿನಿಂದ ನೋಡದ ದೇಶದಲ್ಲೇ ಹೀಗೆ.

ಅಮೆರಿಕದಲ್ಲಿ 1991ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಸೇದುತ್ತೀರಾ, ಹೌದೋ ಅಲ್ಲವೋ ಎಂದು ಕೇಳುವ ಬದಲು ಕೆಲವು ವಾಕ್ಯಗಳನ್ನು ಮುಂದಿಟ್ಟರು. ಮೊದಲಿನಷ್ಟೇ ಸೇದುತ್ತೇನೆ, ಬಸುರಿ ಎಂದು ಗೊತ್ತಾದ ಮೇಲೆ ಕಡಿಮೆ ಮಾಡಿದ್ದೇನೆ, ಪೂರ್ತಿ ಬಿಟ್ಟಿದ್ದೇನೆ, ಮೊದಲೂ ಸೇದುತ್ತಿರಲಿಲ್ಲ, ಹೀಗೆ. ನಿಮಗೆ ಹೊಂದುವುದನ್ನು ತೋರಿಸಿ ಎಂದರು. ನಿಜ ಹೇಳಿದವರು ಶೇ. 40ರಷ್ಟು ಹೆಚ್ಚಾದರು. ಹೆಂಗಸರು ಬದಲಾಗಲಿಲ್ಲ, ಪ್ರಶ್ನೆ ಬದಲಾಯಿತು. "ಕಡಿಮೆ ಮಾಡಿದ್ದೇನೆ" ಎಂದು ಹೇಳಲು ಒಂದು ಜಾಗ ಸಿಕ್ಕಿತು. ನಮ್ಮ ತಂಗಿಗೂ ಹೇಳಬೇಕಾದದ್ದು ಅದೇ ಒಂದು ವಾಕ್ಯ.

ಹಾಗಾಗಿ ಮೇಷ್ಟ್ರಿಗೆ ನನ್ನ ಉತ್ತರ ಏನೆಂದರೆ, ಸುಳ್ಳು ಸುಳ್ಳೇ, ಒಪ್ಪಿದೆ. ಆದರೆ ಸತ್ಯ ಒಬ್ಬರ ನಾಲಗೆಯಿಂದ ಮಾತ್ರ ಬರುವುದಲ್ಲ. ಕೇಳುವವರ ಕಿವಿಗೂ ಅದರಲ್ಲಿ ಪಾಲು ಉಂಟು.

ಇಲ್ಲಿ ನನಗೆ ಅಂಗುಲಿಮಾಲನ ನೆನಪಾಗುತ್ತದೆ. ಬಾಬಾಸಾಹೇಬರ "ಬುದ್ಧ ಮತ್ತು ಅವನ ಧಮ್ಮ"ದಲ್ಲಿ ಅವನ ಪರಿವರ್ತನೆಯ ಕಥೆಯನ್ನು ನಾವು ಓದಿದ್ದೇವೆ. ಮಜ್ಝಿಮ ನಿಕಾಯದ ಅಂಗುಲಿಮಾಲ ಸುತ್ತದಲ್ಲಿ ಅದರ ಮುಂದಿನ ಒಂದು ಪ್ರಸಂಗ ಉಂಟು. ಭಿಕ್ಖುವಾದ ಅಂಗುಲಿಮಾಲ ಸಾವತ್ಥಿಯಲ್ಲಿ ಭಿಕ್ಷೆಗೆ ಹೋಗಿದ್ದಾಗ ಹೆರಿಗೆ ಆಗದೆ ಒದ್ದಾಡುತ್ತಿರುವ ಒಬ್ಬ ಹೆಂಗಸನ್ನು ಕಾಣುತ್ತಾನೆ. ಜೀವಿಗಳು ಎಷ್ಟು ಸಂಕಟಪಡುತ್ತವೆ ಎಂದು ಮನಸ್ಸು ಕಲಕಿ ಬಂದು ಭಗವಾನರಿಗೆ ಹೇಳುತ್ತಾನೆ. ನೀನು ಹೋಗಿ ಹೀಗೆ ಹೇಳು ಎನ್ನುತ್ತಾರೆ ಅವರು: ಹುಟ್ಟಿದಂದಿನಿಂದ ನಾನು ಬೇಕೆಂದು ಯಾವ ಜೀವವನ್ನೂ ತೆಗೆದಿಲ್ಲ, ಈ ಸತ್ಯದಿಂದ ನಿನಗೂ ಗರ್ಭಕ್ಕೂ ಒಳಿತಾಗಲಿ ಎಂದು. ಅಂಗುಲಿಮಾಲ ಅಲ್ಲೇ ತಡೆಯುತ್ತಾನೆ. ಭಂತೇ, ಅದು ಗೊತ್ತಿದ್ದೂ ಆಡುವ ಸುಳ್ಳಾಗುತ್ತದೆ, ನಾನು ಎಷ್ಟೋ ಜನರನ್ನು ಕೊಂದವನು. ಹಾಗಾದರೆ ಆರ್ಯ ಜನ್ಮದಲ್ಲಿ ಹುಟ್ಟಿದಂದಿನಿಂದ ಎಂದು ಹೇಳು ಎನ್ನುತ್ತಾರೆ ಭಗವಾನರು. ಅವನು ಹೋಗಿ ಹಾಗೆಯೇ ಹೇಳುತ್ತಾನೆ. ತಾಯಿಯೂ ಮಗುವೂ ಕ್ಷೇಮವಾಗುತ್ತಾರೆ.

ಮಾತಿನಿಂದ ಹೆರಿಗೆ ಆಯಿತು ಎಂದು ನಾನು ನಿಮಗೆ ಹೇಳಲು ಹೊರಟಿಲ್ಲ. ಹೆರಿಗೆ ಮಾಡಿಸಿದವಳು ನಾನು, ಮಾತಿಗಿಂತ ಹೆಚ್ಚಿನದ್ದು ಬೇಕಾಗುತ್ತದೆ ಎಂದು ಗೊತ್ತುಂಟು. ನಾನು ನೋಡುವುದು ಬೇರೆಯದನ್ನು. ಆ ಪ್ರಸಂಗದಲ್ಲಿ ಸಂಕಟ ಪಡುವವಳು ಹೆಂಗಸು. ಸತ್ಯ ಹೇಳುವವನು ಹೊರಗಿನಿಂದ ಬಂದವನು. ಅವಳನ್ನು ಯಾರೂ ನೀನು ಏನು ತಪ್ಪು ಮಾಡಿದ್ದೀ, ಹೇಳು ಎಂದು ಕೇಳುವುದಿಲ್ಲ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಮುಚ್ಚಿಡಬೇಕಾದದ್ದು ಯಾರಿಗೆ ಇತ್ತೋ ಅವನು, ಸುಲಭವಾಗಿ ದಾಟಿಸಬಹುದಾಗಿದ್ದ ಒಂದು ಚಂದದ ವಾಕ್ಯವನ್ನು ತಡೆದು, ಇದು ನನ್ನ ವಿಷಯದಲ್ಲಿ ನಿಜವಲ್ಲ ಎನ್ನುತ್ತಾನೆ. ಬಸುರಿಯ ಹಾಸಿಗೆಯ ಬಳಿಗೆ ಹೋಗುವ ಮೊದಲು ತನ್ನ ಮಾತನ್ನು ತಾನು ತಿದ್ದಿಕೊಳ್ಳುತ್ತಾನೆ.

ನಮ್ಮ ಮನೆಗಳಲ್ಲಿ ಇದು ಉಲ್ಟಾ. ಸತ್ಯದ ಭಾರ ಪೂರ್ತಿ ಬಸುರಿಯ ತಲೆ ಮೇಲೆ. ಅಂದು ಬಾಗಿಲ ಹತ್ತಿರ ನಿಂತಿದ್ದ ಗಂಡನ ಕಿಸೆಯಲ್ಲೂ ಪ್ಯಾಕೆಟ್ ಇತ್ತು. ಅದು ಅತ್ತೆಗೆ ಗೊತ್ತು, ಊರಿಗೆ ಗೊತ್ತು. ಮನೆಯೊಳಗೆ ಬೇರೆಯವರು ಸೇದಿದ ಹೊಗೆಯೂ ಮಗುವಿನ ತೂಕ ತಗ್ಗಿಸುತ್ತದೆ. ಅವನನ್ನು ಯಾರೂ ಕೇಳಲಿಲ್ಲ, ಅವನಾಗಿಯೂ ಬಾಯಿ ಬಿಡಲಿಲ್ಲ. "ಡಾಕ್ಟ್ರೇ, ನಾನು ಸೇದುತ್ತೇನೆ, ಇವಳ ಪಕ್ಕದಲ್ಲೇ ಸೇದುತ್ತೇನೆ, ಏನು ಮಾಡ್ಬೇಕು?" ಎಂದು ಅವನು ಮೊದಲು ಹೇಳಿದ್ದರೆ, ಅವಳ ಬಾಯಿಂದ ಆ "ಇಲ್ಲ" ಬರುತ್ತಿತ್ತೇ?

ಅತ್ತೆಯ ವಿಷಯಕ್ಕೂ ಬರುತ್ತೇನೆ. ಇದು ಒಂದು ಮನೆಯ ಮಾತಲ್ಲ, ನಮ್ಮ ಮೂರೂ ತಾಲೂಕಿನ ಜಗಲಿಗಳ ಮಾತು. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿಯುತ್ತಾ, "ಈಗಿನ ಹುಡುಗಿಯರು ಸಿಗರೇಟು ಸೇದ್ತಾರಂತೆ" ಎಂದು ಉಗುಳುವ ಅಮ್ಮಂದಿರನ್ನು ಎಷ್ಟು ಮಂದಿಯನ್ನು ನಾನು ಕಂಡಿಲ್ಲ! ಮುಂಬೈಯಲ್ಲಿ 1,217 ಹೆಂಗಸರನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಗೆ ಇಲ್ಲದ ತಂಬಾಕು ಬಳಸುವ ತಾಯಂದಿರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗಿದರು. ಹೊಗೆಸೊಪ್ಪಿಗೆ ಮರ್ಯಾದೆ ಉಂಟು, ಸಿಗರೇಟಿಗೆ ಇಲ್ಲ. ಮಗುವಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ದೊಡ್ಡ ಸುಳ್ಳುಗಾರರನ್ನು ಬಿಟ್ಟು ಸಣ್ಣವರನ್ನು ಹಿಡಿಯುವುದೂ ಹಳೆಯ ಅಭ್ಯಾಸ. 1971ರಲ್ಲಿ ಅಮೆರಿಕದ ಫಿಲಿಪ್ ಮೋರಿಸ್ ಸಿಗರೇಟು ಕಂಪೆನಿಯ ಮುಖ್ಯಸ್ಥ ಜೋಸೆಫ್ ಕಲ್‌ಮನ್ ಟಿವಿ ಸಂದರ್ಶನದಲ್ಲಿ, ಸೇದುವ ತಾಯಂದಿರ ಮಕ್ಕಳು ಸಣ್ಣದಾಗಿ ಹುಟ್ಟುವುದು ನಿಜ, ಆದರೆ ಅವರೂ ಅಷ್ಟೇ ಆರೋಗ್ಯವಂತರು, ಕೆಲವು ಹೆಂಗಸರಿಗೆ ಸಣ್ಣ ಮಗುವೇ ಇಷ್ಟವಾಗಬಹುದು ಎಂಬ ಅರ್ಥದ ಮಾತು ಹೇಳಿದ. ಸೂಟು ಹಾಕಿ, ಕ್ಯಾಮೆರಾದ ಮುಂದೆ, ದೇಶಕ್ಕೆಲ್ಲ. ಅಲ್ಲಿಯ ಪ್ಯಾಕೆಟ್ಟಿನ ಮೇಲೆ ಬಸುರಿಯರಿಗೆ ಎಚ್ಚರಿಕೆ ಬರೆಯಬೇಕೆಂಬ ಕಾನೂನು ಆಗಲು 1984ರವರೆಗೆ ಕಾಯಬೇಕಾಯಿತು.

ಅನಿಷ್ಟವನ್ನು ಇನ್ನೊಬ್ಬರ ಮೈಗೆ ದಾಟಿಸುವುದು ಏನು ಎಂದು ನಮ್ಮ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ. ಅನ್ನದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ನೇ ಇಸವಿಯಲ್ಲಿ ಕಾಯ್ದೆಯೇ ಬರಬೇಕಾಯಿತು. ಒಂದು ಮನೆಯ ಕೆಡುಕನ್ನು ತಿನ್ನಲು ಇನ್ನೊಂದು ಮೈ. ಬುದ್ಧನ ಮನೆಗೆ ಬಂದ ನಾವು, ಇಡೀ ಕುಟುಂಬದ ಹೊಗೆ, ಹೊಗೆಸೊಪ್ಪು, ಸಂಕೋಚ, ಸುಳ್ಳು ಎಲ್ಲವನ್ನೂ ಒಬ್ಬ ಬಸುರಿ ಸೊಸೆಗೆ ತಿನ್ನಿಸಬಾರದು. ಈ ಹೋಲಿಕೆ ಕೆಲವರಿಗೆ ಖಾರ ಅನಿಸಬಹುದು. ಅನಿಸಲಿ.

ಬಾಬಾಸಾಹೇಬರು ಸಮ್ಮಾ ವಾಚಾ ವಿವರಿಸುವಾಗ ಒಂದು ಕಠಿಣ ಅಳತೆ ಇಟ್ಟಿದ್ದಾರೆ. ಸರಿಯಾದ ಮಾತು ಭಯದಿಂದಲೋ ದಾಕ್ಷಿಣ್ಯದಿಂದಲೋ ಹುಟ್ಟುವುದಲ್ಲ. ಮೇಲಿನವರು ಏನೆಂದುಕೊಳ್ಳುತ್ತಾರೆ, ನನಗೇನು ನಷ್ಟ ಎಂದು ನೋಡುವುದಲ್ಲ. ಈ ಅಳತೆಯನ್ನು ತಂಗಿಗೆ ಮಾತ್ರ ಹಿಡಿದರೆ ಅನ್ಯಾಯ. ನಿಜ ಹೇಳಿದರೆ ಅವಳಿಗೆ ಆಗುವ ನಷ್ಟ ತವರಿಗೆ ವಾಪಸು ಹೋಗುವಷ್ಟು ದೊಡ್ಡದಿರಬಹುದು. ಗಂಡನಿಗೆ ಆಗುವ ನಷ್ಟ ಎರಡು ನಿಮಿಷದ ನಾಚಿಕೆ. ನಷ್ಟ ಕಡಿಮೆ ಇರುವವನು ಮೊದಲು ಬಾಯಿ ತೆರೆಯಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ 22 ಪ್ರತಿಜ್ಞೆಗಳನ್ನು ಬಾಬಾಸಾಹೇಬರು ಮೊದಲು ತಾವು ಹೇಳಿ, ಆಮೇಲೆ ಜನರಿಗೆ ಹೇಳಿಸಿದರು. ಸುಳ್ಳು ಹೇಳುವುದಿಲ್ಲ ಎಂಬುದು ಅದರಲ್ಲಿ ಒಂದು.

ಈಗ ತಂಗಿ ಕೇಳದೆ ಬಿಟ್ಟ ಪ್ರಶ್ನೆ: ಯಾರಿಗೆ ಹೇಳಬೇಕು? ಎಲ್ಲರಿಗೂ ಎಲ್ಲವನ್ನೂ ಹೇಳು ಎಂದು ಯಾವ ಸುತ್ತವೂ ಹೇಳುವುದಿಲ್ಲ. ಹಿತವಿಲ್ಲದ ಕಡೆ ಸುಮ್ಮನಿರುವುದು ಸುಳ್ಳಲ್ಲ ಎಂದು ಅಭಯನ ಸುತ್ತದಲ್ಲೇ ನೋಡಿದೆವು. ಡಾಕ್ಟ್ರಿಗೆ ಹೇಳುವುದರಲ್ಲಿ ಮಗುವಿನ ಹಿತ ಉಂಟು, ಅಲ್ಲಿ ಹೇಳಬೇಕು. ಅತ್ತೆಗೆ ಹೇಳುವುದರಲ್ಲಿ ಹಿತ ಉಂಟೋ ಇಲ್ಲವೋ, ಅದನ್ನು ಆ ಮನೆಯಲ್ಲಿ ಬಾಳುವವಳು ನಿರ್ಧರಿಸಬೇಕು, ನಾವಲ್ಲ. ಅತ್ತೆ ನೇರವಾಗಿ ಕೇಳಿದರೆ "ಅದು ನಾನೂ ಡಾಕ್ಟ್ರೂ ಮಾತಾಡಿದ್ದು ಅತ್ತೆ" ಎನ್ನಬಹುದು. ಅದು ಸುಳ್ಳಲ್ಲ. ನಮ್ಮ ಮನೆಗಳಲ್ಲಿ ಹಾಗೆ ಹೇಳುವುದು ಸುಲಭ ಎಂದು ನಾನು ನಟಿಸುವುದಿಲ್ಲ.

ಡಾಕ್ಟ್ರಿಗೆ ಹೇಳುವ ದಾರಿಗಳು ಉಂಟು. "ನನಗೆ ಒಂದು ವಿಷಯ ನಿಮ್ಮೊಬ್ಬರ ಹತ್ತಿರ ಮಾತಾಡ್ಬೇಕು" ಎಂದರೆ ಸಾಕು. ಹೊಟ್ಟೆ ಮುಟ್ಟಿ ಪರೀಕ್ಷೆ ಮಾಡಲು ಪರದೆಯ ಒಳಗೆ ಕರೆಯುತ್ತಾರೆ, ಆಗ ಹೇಳಬಹುದು. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟು ಕೊಡಬಹುದು. ಆಶಾ ಕಾರ್ಯಕರ್ತೆಯ ಮೂಲಕ ಹೇಳಿಸಿದರಾಗದೇ ಎಂದು ಕೇಳುವವರಿಗೆ ನನ್ನ ಸಲಹೆ, ಆಕೆ ನಿಮ್ಮದೇ ಊರಿನವಳು, ಗುಟ್ಟು ನಿಲ್ಲುತ್ತದೆ ಎಂಬ ಧೈರ್ಯ ಇದ್ದರೆ ಮಾತ್ರ. ನಮ್ಮ ಕೇರಿಯ ಹೆಣ್ಣಿನ ಗುಟ್ಟು ಪೇಟೆಯಲ್ಲಿ ಎಷ್ಟು ಬೇಗ ಜಾತಿಯ ಹೆಸರಿನೊಂದಿಗೆ ಓಡುತ್ತದೆ ಎಂದು ನಿಮಗೆಲ್ಲ ಗೊತ್ತುಂಟು. ಆ ಭಯವನ್ನು ದೌರ್ಬಲ್ಯ ಎಂದು ಕರೆಯಲು ನಾನು ತಯಾರಿಲ್ಲ.

ಮೊದಲ ಸಲ ಹೇಳಿದ ಸುಳ್ಳು ಕೊನೆಯ ಮಾತೂ ಅಲ್ಲ. ರಾಹುಲನಿಗೆ ಭಗವಾನರು ಮಾಡಿದ ಬೋಧೆಯಲ್ಲಿ, ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಮೂರು ಸಲವೂ ಕನ್ನಡಿಯಲ್ಲಿ ನೋಡಿಕೊಂಡ ಹಾಗೆ ನೋಡಿಕೋ ಎಂದಿದ್ದಾರೆ. ಮಾಡಿದ ಮೇಲೆ ಕಂಡ ತಪ್ಪನ್ನು ತಿಳಿದವರ ಮುಂದೆ ತೆರೆದಿಟ್ಟು, ಮುಂದೆ ಎಚ್ಚರವಾಗಿರು ಎಂದಿದ್ದಾರೆ. ಬಸುರಿಗೆ ತಪಾಸಣೆ ಒಂದೇ ಸಲ ಇರುವುದಿಲ್ಲ. ಅವಳ ಮುಂದಿನ ತಪಾಸಣೆ ಇನ್ನೂ ಆಗಿಲ್ಲ.

ಇಷ್ಟರಲ್ಲಿ ನಿಲ್ಲಿಸಬಹುದಿತ್ತು. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಕೂತು ತಂಬಾಕು ಮತ್ತು ಬಸುರಿಯ ಬಗ್ಗೆ ಬರೆಯುವವಳು ಬೀಡಿಯ ಮಾತು ಎತ್ತದಿದ್ದರೆ ಅದೂ ಒಂದು ಬಗೆಯ "ಇಲ್ಲ" ಆಗುತ್ತದೆ. ನಮ್ಮ ಎಷ್ಟು ಮನೆಗಳ ಹೆಂಚು, ಎಷ್ಟು ಮಕ್ಕಳ ಫೀಸು, ಎಷ್ಟು ಹೆಣ್ಣುಮಕ್ಕಳ ಕಿವಿಯೋಲೆ ಬೀಡಿಯಿಂದ ಬಂದದ್ದು! ಎಂಟು ತಿಂಗಳ ಹೊಟ್ಟೆಯ ಮೇಲೆ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವವಳನ್ನು ನೀನು ತಂಬಾಕು ಬಳಸುತ್ತೀಯಾ ಎಂದು ಕೇಳಿ ನೋಡಿ. ಇಲ್ಲ ಎನ್ನುತ್ತಾಳೆ. ಅದು ನಿಜ. ಆದರೆ ಪುಡಿ ಮೂಗಿಗೆ ಹೋಗುತ್ತದೆ, ಬೆರಳಿನ ಚರ್ಮದಿಂದಲೂ ನಿಕೋಟಿನ್ ಮೈಗೆ ಸೇರುತ್ತದೆ. ಬೀಡಿ ಕಟ್ಟಿನ ಮೇಲೆ ಎಚ್ಚರಿಕೆಯ ಚಿತ್ರ ಉಂಟು, ಅದು ಸೇದುವವನಿಗೆ. ಕಟ್ಟುವವಳಿಗೆ ಚಿತ್ರ ಇಲ್ಲ. ಬಸುರಿಯರು ಬೀಡಿ ಕಟ್ಟುವ ಕೋಣೆಯಲ್ಲಿ ಮಲಗಬಾರದು, ಎಲೆ ಹೊಗೆಸೊಪ್ಪು ಮುಟ್ಟಿದ ಕೈ ಸೋಪಿನಲ್ಲಿ ತೊಳೆಯದೆ ಉಣ್ಣಬಾರದು, ಆದಷ್ಟು ದಿನ ಕೆಲಸ ಬಿಡಬೇಕು. ಹೇಳುವುದು ಸುಲಭ. ಸಾವಿರ ಬೀಡಿಗೆ ಇಷ್ಟು ಎಂಬ ಕೂಲಿಯಲ್ಲಿ ಬಿಟ್ಟ ದಿನಕ್ಕೆ ದುಡ್ಡಿಲ್ಲ.

ವಿಷದ ವ್ಯಾಪಾರ ಮಾಡಬಾರದು ಎಂದು ಉಪಾಸಕರಿಗೆ ಭಗವಾನರು ಹೇಳಿದ್ದಾರಲ್ಲ, ಬೀಡಿ ಕಟ್ಟುವುದು ಅದರಲ್ಲಿ ಬರುತ್ತದೋ ಎಂದು ಹಿಂದೊಮ್ಮೆ ಗುರುವಾಯನಕೆರೆಯಲ್ಲಿ ಚರ್ಚೆ ಆಗಿತ್ತು. ನನ್ನ ಮಟ್ಟಿಗೆ, ವ್ಯಾಪಾರಿ ಎಂದರೆ ಲಾಭ ತೆಗೆದುಕೊಳ್ಳುವವನು. ಸಾವಿರಕ್ಕೆ ಕೂಲಿ ತೆಗೆದುಕೊಳ್ಳುವವಳಲ್ಲ.

1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರವಾಗಿ ಮಾತಾಡಿದರು. ಹೆರಿಗೆಗೆ ಮೊದಲೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಖರ್ಚಿನಲ್ಲಿ ಸರಕಾರದ ಪಾಲು ದೊಡ್ಡದು, ಆದರೆ ಹೆಂಗಸರ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಕೈ ತೊಳೆದುಕೊಳ್ಳುವ ಹಾಗಿಲ್ಲ ಎಂಬುದು ಅವರ ವಾದವಾಗಿತ್ತು. ಸ್ವತಂತ್ರ ಭಾರತದಲ್ಲಿ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯನ್ನು ಬೀಡಿ ಕೆಲಸಕ್ಕೂ ಅನ್ವಯಿಸಿತು. ಕಾಗದದಲ್ಲಿ ದಾರಿ ಇತ್ತು. ಮನೆಯಲ್ಲಿ ಏನಾಯಿತು? ಬ್ರಾಂಚಿನ ಪಾಸ್ ಪುಸ್ತಕ ಅತ್ತೆಯ ಹೆಸರಿನಲ್ಲಿ, ಕಟ್ಟುವ ಕೈ ಸೊಸೆಯದ್ದು. ಪಿಎಫ್ ಅತ್ತೆಯ ಲೆಕ್ಕಕ್ಕೆ, ಪುಡಿ ಸೊಸೆಯ ಮೂಗಿಗೆ. ಸೊಸೆ ಬಸುರಿಯಾದಾಗ ಯಾವ ಲೆಕ್ಕದಲ್ಲೂ ಅವಳು ಕಾರ್ಮಿಕಳಲ್ಲ. ಪುಸ್ತಕದಲ್ಲಿ ಅವಳ ಹೆಸರೇ ಇಲ್ಲದ ಮೇಲೆ ಭತ್ಯೆ ಕೊಡಿ ಎಂದು ಯಾರನ್ನು ಕೇಳುವುದು? ಇದೂ ಸುಳ್ಳೇ, ಅಕ್ಷರದಲ್ಲಿ ಬರೆದ ಸುಳ್ಳು, ಇದಕ್ಕೆ ಮನೆಯವರು, ಬ್ರಾಂಚಿನವರು, ಕಂಪೆನಿ ಎಲ್ಲರ ಸಮ್ಮತಿ ಉಂಟು. ಈ ಬಗ್ಗೆ ಯಾರ ಗಂಟಲೂ ಕಟ್ಟಿದ್ದನ್ನು ನಾನು ಕೇಳಿಲ್ಲ.

ಬರುವ ಭಾನುವಾರ ನಾವು ಬಿ.ಸಿ.ರೋಡಿನಲ್ಲಿ ಸೇರುವುದು. ಬೀಡಿ ಕಟ್ಟುವ ಮನೆಯವರು ಪಾಸ್ ಪುಸ್ತಕ ತನ್ನಿ. ಯಾರು ಕಟ್ಟುತ್ತಾರೆ, ಯಾರ ಹೆಸರು ಉಂಟು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳುವ. ಹೆಸರು ಬದಲಿಸುವ ಕ್ರಮ ಗೊತ್ತಿರುವ ಕಾರ್ಮಿಕ ಸಂಘದ ಒಬ್ಬರು ಬರುತ್ತೇನೆ ಎಂದಿದ್ದಾರೆ. ವಂದನೆ ಹತ್ತು ಗಂಟೆಗೆ. ಗಂಡಸರೂ ಬನ್ನಿ. ಪ್ಯಾಕೆಟ್ ಕಿಸೆಯಲ್ಲಿದ್ದರೆ ಇರಲಿ, ಅಂಗಡಿಯಲ್ಲಿ ಬಚ್ಚಿಟ್ಟು ಬರುವುದು ಬೇಡ.

ಜೈ ಭೀಮ್.